ಗೂಡಿನಲ್ಲಿಟ್ಟ ಜಡೆ

ಕುರುಗೋಡಿನ ನಮ್ಮ ಮನೆಯಲ್ಲಿ, ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಗೂಡಿದೆ. ನಾನು ಸಣ್ಣವನಿದ್ದಾಗ ಅವ್ವ ಅದರಲ್ಲಿ ಚಿಮಣಿ ದೀಪ ಇಡುತ್ತಿದ್ದಳು. ನನ್ನ ಮದುವೆಯಾದ ಮೇಲೆ ಆ ಗೂಡು ನನ್ನ ಹೆಂಡತಿಯ ಕೂದಲಿನ ಪಾಲಾಯಿತು. ಬೆಳಿಗ್ಗೆ ಹೊಸ್ತಿಲ ಮೇಲೆ ಕುಂತು ತಲೆ ಬಾಚಿಕೊಳ್ಳುವಳು. ಬಾಚಣಿಗೆಗೆ ಸಿಕ್ಕ ಕೂದಲನ್ನು ಬಿಡಿಸಿ, ಬೆರಳಿಗೆ ಸುತ್ತಿ, ಸಣ್ಣ ಉಂಡೆ ಮಾಡಿ ಗೂಡಿಗೆ ತುರುಕುವಳು. ನಮ್ಮ ಕಡೆ ಹೆಂಗಸರು ಕೂದಲನ್ನು ಬೀದಿಗೆ ಎಸೆಯುವುದಿಲ್ಲ. ಕೂದಲಿನವನಿಗಾಗಿ ಕೂಡಿಡುತ್ತಾರೆ.

ಕೂದಲಿನವನೆಂದರೆ, ಗಾಡಿಯ ಎರಡೂ ಬದಿಗೆ ಸ್ಟೀಲ್ ಸಾಮಾನು ಜೋತುಬಿಟ್ಟುಕೊಂಡು, 'ತಲಿಕೂದ್ಲಾ... ತಲಿಕೂದ್ಲಾ...' ಎಂದು ಓಣಿ ಓಣಿ ತಿರುಗುವವನು. ಕೂದಲು ತೆಗೆದುಕೊಂಡು ಅದಕ್ಕೆ ತಕ್ಕಂತೆ ಚಮಚವೋ ಬಟ್ಟಲೋ ಕೊಡುತ್ತಾನೆ. ಅವನು ಬಂದರೆ ನನ್ನ ಹೆಂಡತಿಗೆ ಹಬ್ಬ. ಉಂಡೆಗಳನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಜಗಳಕ್ಕೆ ನಿಲ್ಲುವಳು. "ಯಣ್ಣಾ, ನನ್ನೇನ್ ಮಳ್ಳ ಮಾಡಾಕ ಬಂದೀಯೇನು? ಇದು ಕೂದ್ಲ ಐತಿ, ಕಸ ಅಲ್ಲ. ಎತ್ತಿ ನೋಡು, ಎಷ್ಟುದ್ದ ಐತಿ!" ಅವನು ಬಟ್ಟಲು ತೋರಿಸಿದರೆ ಇವಳು ತಟ್ಟೆಗೆ ಬೆರಳು ಮಾಡುವಳು. ಓಣಿಯ ಹೆಂಗಸರು ತಮ್ಮ ವ್ಯಾಪಾರ ಬಿಟ್ಟು ಇವಳದನ್ನು ನೋಡುತ್ತ ನಿಲ್ಲುತ್ತಿದ್ದರು.

"ನಮ್ಮನ್ಯಾಗ ಗ್ವಾಡ್ಯಾಗ ಒಂದು ಬ್ಯಾಂಕ್ ಐತಿ ನೋಡ್ರಪಾ" ಎಂದು ನಾನು ಚಾಷ್ಟಿ ಮಾಡುತ್ತಿದ್ದೆ.

"ನೀವು ಸುಮ್ನಿರ್ರಿ. ನಿಮ್ಮ ತಲ್ಯಾಗಿರೋದು ಕೂಡಿಸಿದ್ರ ಒಂದು ಚಮಚಕ್ಕೂ ಸಾಲಂಗಿಲ್ಲ" ಎನ್ನುವಳು. ಮಾತು ನಿಜವಾಗಿತ್ತು. ಅಷ್ಟೊತ್ತಿಗೆ ನನ್ನ ತಲೆ ಮುಕ್ಕಾಲು ಬಯಲಾಗಿತ್ತು.

ಅವಳ ಜಡೆ ಸೊಂಟ ದಾಟಿ ಇಳಿಯುತ್ತಿತ್ತು. ಅವಳ ತವರು ಸಿರುಗುಪ್ಪ. ಮೋಟರ್ ಸೈಕಲ್ ಮೇಲೆ ನಾವು ಅಲ್ಲಿಗೆ ಹೋಗುವಾಗ ಜಡೆ ಎಲ್ಲಿ ಚಕ್ರಕ್ಕೆ ಸಿಕ್ಕೀತೋ ಎಂದು ಅದನ್ನು ಮುಂದಕ್ಕೆ ಎಳೆದು ಮಡಿಲಲ್ಲಿಟ್ಟುಕೊಳ್ಳುವಳು. ಸಿರುಗುಪ್ಪ ಹತ್ತಿರವಾದಂತೆ ಎರಡೂ ಕಡೆ ಭತ್ತದ ಗದ್ದೆ, ಕಾಲುವೆಯ ಮೇಲಿಂದ ತಂಪು ಗಾಳಿ. ಆ ಗಾಳಿಗೆ ಜಡೆಯ ತುದಿ ಹಾರಿ ನನ್ನ ಮೊಣಕೈಗೆ ತಾಗುತ್ತಿತ್ತು. ಮೆಂತ್ಯ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯ ವಾಸನೆ. ಆಗ ಅದನ್ನೆಲ್ಲ ಯಾರು ಗಮನಿಸುತ್ತಾರೆ? ಈಗ ಅದೊಂದು ಪ್ರಯಾಣ ಮತ್ತೆ ಸಿಕ್ಕರೆ ಸಾಕು ಅನಿಸುತ್ತದೆ.

ಮನೆಯಲ್ಲಿ ನಾವು ಮೂವರೇ. ನಾನು, ಅವಳು, ನನ್ನ ಅವ್ವ. ನನ್ನದು ಬಜಾರಿನಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಂತಿ ಸುತ್ತುವ ಕೆಲಸ. ನಾನು ಮುಂಗೋಪಿ, ಅದನ್ನು ಬೇರೆಯವರು ಹೇಳಬೇಕಾಗಿಲ್ಲ. ಆದರೆ ಅವಳ ಮುಂದೆ ನನ್ನ ಕೋಪ ನಡೆಯುತ್ತಿರಲಿಲ್ಲ. ಅವಳ ಬಾಯಿ ನನಗಿಂತ ಜೋರು.

ಒಂದು ವರ್ಷ ನಾಗರಪಂಚಮಿಗೆ ತವರಿಗೆ ಹೋದವಳು ವಾಪಸ್ಸು ಬಂದಾಗ ತೋಳಿನ ಮೇಲೆಲ್ಲ ನೀಲಿಗಟ್ಟಿದ ಕಲೆಗಳಿದ್ದವು. ಕೇಳಿದರೆ, "ಜೋಕಾಲಿ ಹಗ್ಗ ಉಜ್ಜೈತ್ರಿ" ಎಂದಳು. ಹಲ್ಲುಜ್ಜುವಾಗ ರಕ್ತ ಬಂತು. "ಶೇಂಗಾದ ಉಂಡಿ ಗಟ್ಟಿ ಆಗಿದ್ವು" ಎಂದಳು ಅವ್ವ. ಪಂಚಮಿಯಲ್ಲಿ ಜೋಕಾಲಿ ಜೀಕಿ, ಉಂಡಿ ತಿಂದ ಹೆಣ್ಣುಮಗಳ ಮೈಮೇಲೆ ಇಂಥವನ್ನು ಕಂಡರೆ ನಮ್ಮೂರಲ್ಲಿ ಯಾರಾದರೂ ಹಾಗೆಯೇ ಹೇಳುತ್ತಿದ್ದರು. ಹಬ್ಬ ಕಳೆದು ಎಷ್ಟೋ ದಿನಗಳಾದರೂ ಕಲೆ ಮಾಸಲಿಲ್ಲ, ಹೊಸವು ಮೂಡಿದವು. ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಜ್ವರ ಬಂದು ಬಿಡದಾದಾಗ ರಕ್ತ ಪರೀಕ್ಷೆ ಮಾಡಿಸಿದೆವು. ಅದನ್ನು ನೋಡಿದ ಡಾಕ್ಟರು ಕುಳಿತುಕೊಳ್ಳಿ ಎನ್ನಲಿಲ್ಲ. ಇವತ್ತೇ ಬಳ್ಳಾರಿಗೆ ಹೊರಡಿ ಎಂದರು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನಮ್ಮಿಬ್ಬರನ್ನೂ ಎದುರು ಕೂರಿಸಿಕೊಂಡು ಹೇಳಿದರು. ರಕ್ತದ ಕ್ಯಾನ್ಸರ್. ಔಷಧಿ ಇದೆ, ಆದರೆ ತಡಮಾಡುವಂತಿಲ್ಲ. ಮೊದಲ ಸುತ್ತೇ ಕಷ್ಟದ್ದು, ಅದನ್ನು ದಾಟಿದರೆ ಮುಂದಿನ ಮಾತು. ಇವಳು ಸೆರಗು ಸರಿಮಾಡಿಕೊಂಡು, "ಮನಿಗೆ ಯಾವಾಗ ಕಳಸ್ತೀರಿ ಮೇಡಂ?" ಎಂದು ಕೇಳಿದಳು. ಡಾಕ್ಟರಮ್ಮ ದಾಖಲಾತಿಯ ಚೀಟಿ ಬರೆಯತೊಡಗಿದರು.

ಆಸ್ಪತ್ರೆಗೆ ಹತ್ತಿರವಾಗಲೆಂದು ಕಂಟೋನ್ಮೆಂಟ್ ಕಡೆ ಒಂದು ಮನೆಯ ಹಿತ್ತಲಿನ ಕೋಣೆ ಬಾಡಿಗೆಗೆ ಹಿಡಿದೆ. ಅಗಲ ರಸ್ತೆ, ಹಳೆಯ ಮರಗಳು, ಸದ್ದಿಲ್ಲ. ಸದ್ದಿಲ್ಲದ್ದೇ ನನಗೆ ಆಗಿಬರಲಿಲ್ಲ. ಸಿರುಗುಪ್ಪದಿಂದ ಅವಳ ತಾಯಿ, ನನ್ನ ಅತ್ತೆ, ಬಂದು ಸೇರಿಕೊಂಡರು. ಒಬ್ಬರು ಆಸ್ಪತ್ರೆಯಲ್ಲಿ, ಒಬ್ಬರು ಕೋಣೆಯಲ್ಲಿ. ಅತ್ತೆಗೆ ಮಂಡಿನೋವು, ಹಾಗಾಗಿ ಅಡುಗೆ ನನ್ನ ಪಾಲಿಗೆ. ಹಸಿಯದ್ದು ಏನೂ ಕೊಡುವಂತಿಲ್ಲ. ಈರುಳ್ಳಿ ಇಲ್ಲ, ಹಸಿಮೆಣಸಿನಕಾಯಿ ಇಲ್ಲ, ಹೊರಗಿನ ಮಿರ್ಚಿ-ಮಂಡಕ್ಕಿ ಅಂತೂ ಕನಸಿನಲ್ಲೂ ಇಲ್ಲ. ಬಿಸಿಬಿಸಿ ಗಂಜಿ, ಬೇಯಿಸಿದ ತರಕಾರಿ. ಅವಳಿಗೆಂದು ಬೇರೆ ಪಾತ್ರೆ ಇಟ್ಟು, ಪ್ರತಿ ಸಲ ನೀರಲ್ಲಿ ಕುದಿಸಿಯೇ ಬಳಸಬೇಕು. ಹುಟ್ಟಿದಾಗಿನಿಂದ ಒಲೆ ಹಚ್ಚದವನು ನಾನು. ಮೊದಲ ದಿನದ ಗಂಜಿ ಬಾಯಿಗಿಟ್ಟು ಅವಳು ನನ್ನ ಮುಖ ನೋಡಿದಳು.

"ಏನ್ರಿ ಇದು, ಗಂಜೀನೋ, ಮೋಟರ್‌ಗೆ ಹಚ್ಚೋ ವಾರ್ನಿಷೋ?"

ನರ್ಸಮ್ಮ ಮುಖ ಆಚೆ ತಿರುಗಿಸಿ ನಕ್ಕಳು. ನನಗೂ ನಗು ಬಂತು.

ಔಷಧಿ ಏರಿಸತೊಡಗಿ ಎರಡು ಮೂರು ವಾರಕ್ಕೆ ದಿಂಬಿನ ಮೇಲೆ ಕೂದಲು ಕಾಣಿಸಿತು. ಮೊದಲು ಎಳೆ ಎಳೆ, ಆಮೇಲೆ ಹಿಡಿ ಹಿಡಿ. ಅಭ್ಯಾಸ ಬಿಡಬೇಕಲ್ಲ! ಹಾಸಿಗೆಯ ಮೇಲೆ ಕುಂತು ಅದನ್ನೂ ಬೆರಳಿಗೆ ಸುತ್ತಿ ಉಂಡೆ ಮಾಡುತ್ತಿದ್ದಳು. ಉಂಡೆಗಳು ದೊಡ್ಡವಾದವು. ಒಂದು ಬೆಳಿಗ್ಗೆ ನನಗೆ ಹೇಳಿದಳು. "ಇದು ಉದುರಿ ಹಾಳಾಗೋಕಿಂತ ಮೊದ್ಲ ಜಡಿ ಕತ್ತರಿಸ್ರಿ."

"ನಾನಾ? ನನ್ನ ಕಡಿಂದ ಆಗಂಗಿಲ್ಲ."

"ತಂತಿ ಕತ್ತರಿಸ್ತೀರಲ್ಲ ದಿನಾ? ಇದೇನ್ ಬ್ಯಾರೆ? ಎರಡೂ ತುದಿಗೆ ದಾರ ಬಿಗೀರಿ, ಬಿಚ್ಚಬಾರ್ದು ಮತ್ತ."

ನರ್ಸಮ್ಮ ಕತ್ತರಿ ತೊಳೆದು ಕೊಟ್ಟಳು. ಗಾಯವಾದರೆ ರಕ್ತ ನಿಲ್ಲುವುದಿಲ್ಲ, ಚರ್ಮಕ್ಕೆ ತಾಗಿಸಬೇಡಿ ಎಂದಳು. ಜಡೆ ಅಂದುಕೊಂಡಷ್ಟು ಸುಲಭಕ್ಕೆ ತುಂಡಾಗಲಿಲ್ಲ. ಕೈಗೆ ಬಂದಾಗ ಅದು ಬೆಚ್ಚಗಿತ್ತು. ನನಗೆ ಅಳು ಬಂತು. ಅವಳು ಅಳಲಿಲ್ಲ, ಕುತ್ತಿಗೆ ಮುಟ್ಟಿ ನೋಡಿಕೊಂಡು, "ಅಯ್ಯ, ಎಷ್ಟು ಹಗುರ ಆತು" ಎಂದಳು. ಆಮೇಲೆ ಜಡೆಯನ್ನು ತನ್ನ ಹಳೆಯ ಕುಪ್ಪಸದ ಬಟ್ಟೆಯಲ್ಲಿ ಸುತ್ತಿಸಿದಳು.

"ಒಯ್ದು ಗೂಡಿನ್ಯಾಗ ಇಡ್ರಿ. ಯಾರ ಕೈಗೂ ಕೊಡಬ್ಯಾಡ್ರಿ. ನಿಮ್ಮವ್ವಗ ವ್ಯಾಪಾರ ತಿಳಿಯಂಗಿಲ್ಲ. ನಾ ಬಂದು ಅವನ ಕೂಡ ನಾನ ಮಾತಾಡ್ತೀನಿ. ನೀರಿನ ಕೊಡಕ್ಕಿಂತ ಕಮ್ಮಿ ಒಪ್ಪಂಗಿಲ್ಲ ನೋಡ್ರಿ."

ನಾ ಬಂದು. ಆ ಎರಡು ಮಾತನ್ನು ಹಿಡಿದುಕೊಂಡೇ ಬಸ್ಸಿನಲ್ಲಿ ಕುರುಗೋಡಿಗೆ ಹೋದೆ. ಗಂಟನ್ನು ಗೂಡಿನೊಳಗಿಟ್ಟೆ. ಅವಳು ಬಂದು ಅದನ್ನು ತೆಗೆಯಬೇಕು, ಹಾಗಾಗಿ ಅವಳು ಬಂದೇ ಬರುತ್ತಾಳೆ. ಇದು ಯಾವ ಲೆಕ್ಕ ಎಂದು ನನ್ನನ್ನು ಕೇಳಬೇಡಿ. ಆ ದಿನಗಳಲ್ಲಿ ನನಗೆ ಬೇರೆ ಲೆಕ್ಕ ತಿಳಿಯುತ್ತಿರಲಿಲ್ಲ.

ಅಂಗಡಿ, ಅವ್ವ ಎರಡನ್ನೂ ನೋಡಿಕೊಂಡು ಬರಲು ವಾರಕ್ಕೊಮ್ಮೆ ಊರಿಗೆ ಹೋಗುತ್ತಿದ್ದೆ. ಮಧ್ಯಾಹ್ನ ಅವ್ವ ಮಲಗಿದ ಮೇಲೆ ಗಂಟು ಬಿಚ್ಚಿ ಜಡೆಯನ್ನು ಮೂಸುತ್ತಿದ್ದೆ. ನಾಚಿಕೆಯೇನಿಲ್ಲ ಹೇಳಲು. ಆಸ್ಪತ್ರೆಯಲ್ಲಿ ಅವಳು ನನ್ನ ಎದುರೇ ಇದ್ದಳು, ಆದರೆ ನನ್ನ ಬಾಯಿಗೆ ಮಾಸ್ಕು, ಅವಳ ಬಾಯಿಗೆ ಮಾಸ್ಕು, ಕೈ ತೊಳೆತೊಳೆದು ಚರ್ಮ ಸುಲಿದಿದ್ದರೂ ಹತ್ತಿರ ಹೋಗಲು ಭಯ. ಹಣೆಯ ಮೇಲೆ ಕೈಯಿಟ್ಟರೆ ನನ್ನಿಂದಲೇ ಏನಾದರೂ ತಗುಲೀತು ಎಂಬ ಹೆದರಿಕೆ. ಬಳ್ಳಾರಿಯಲ್ಲಿ ಅವಳ ಪಕ್ಕ ಕುಳಿತು ಅವಳಿಗಾಗಿ ಹಂಬಲಿಸುತ್ತಿದ್ದೆ, ಕುರುಗೋಡಿನಲ್ಲಿ ಅವಳಿಲ್ಲದ ಹೊಸ್ತಿಲು ನೋಡಿ ಹಂಬಲಿಸುತ್ತಿದ್ದೆ. ಹೊಸ್ತಿಲ ಮೇಲೆ ಅವಳು ಎಣ್ಣೆಯ ಕೈ ಒರೆಸಿ ಒರೆಸಿ ಒಂದು ಕಡೆ ಕಲ್ಲು ಕಪ್ಪಾಗಿದೆ. ಅದನ್ನು ದಾಟಿ ಒಳಗೆ ಹೋಗಲು ಕಾಲು ಬರುತ್ತಿರಲಿಲ್ಲ.

ಆಮೇಲೆ ಅವಳ ರಕ್ತದ ಕಣಗಳು ಪೂರಾ ಇಳಿದುಹೋದವು. ಚಳಿ ಜ್ವರ ಬಂತು. ಬಾಯೆಲ್ಲ ಹುಣ್ಣು, ಹನಿ ನೀರು ನುಂಗಲಾರಳು. ಇನ್ನು ಕೆಲವು ದಿನ ಏನೂ ಹೇಳಲಾಗದು ಎಂದರು ಡಾಕ್ಟರಮ್ಮ. ರಕ್ತ ಕೊಡುವವರು ಬೇಕಾಗಿತ್ತು. ಅತ್ತೆಯನ್ನು ಬಾಗಿಲ ಬಳಿ ಕೂರಿಸಿ ಕುರುಗೋಡಿಗೆ ಹೋದೆ. ಬಜಾರಿನ ಗೆಳೆಯರಿಬ್ಬರು ಅಂಗಡಿ ಮುಚ್ಚಿ ತಕ್ಷಣ ಬಳ್ಳಾರಿ ಬಸ್ಸು ಹತ್ತಿದರು. ಮೈತೊಳೆದು ಮುಂದಿನ ಬಸ್ಸಿಗೆ ಬರುತ್ತೇನೆಂದು ಮನೆಗೆ ಹೋದೆ. ಗೂಡಿಗೆ ಕೈ ಹಾಕಿದೆ.

ಗೂಡು ಖಾಲಿ.

"ಅವ್ವಾ, ಇಲ್ಲಿದ್ದ ಗಂಟೆಲ್ಲಿ?"

ಅವ್ವ ಸಂಭ್ರಮದಿಂದ ಒಳಗಿಂದ ಒಂದು ಸ್ಟೀಲ್ ಡಬ್ಬಿ ತಂದಳು. ಮುಚ್ಚಳಕ್ಕೆ ಚಿಲಕವಿರುವ, ಹಿಡಿಕೆಯಿರುವ ಡಬ್ಬಿ. ತೊಳೆದು ಥಳಥಳ ಮಾಡಿದ್ದಳು. "ಆಕಿಗೆ ಬ್ಯಾರೆ ಡಬ್ಬಿ ಬೇಕಂದಿದ್ದಿಲ್ಲ? ಕೂದ್ಲಿನವ ಬಂದಿದ್ದ, ಇಸ್ಕೊಂಡೆ. ಆಕಿ ಕೂದ್ಲ ಆಕಿಗೇ ಉಪಯೋಗ ಆಗ್ಲಿ ಯಪ್ಪಾ."

ನಾನು ಏನೇನು ಒದರಿದೆನೋ. ಓಣಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ಅವ್ವ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದು ನಿಂತಳು. ಕೊನೆಗೆ, "ಜಡ್ಡಾದವರ ಕೂದ್ಲ ಮನ್ಯಾಗ ಇಟ್ಕೊಬಾರ್ದಂತಪ್ಪಾ. ಇಟ್ರ ಜಡ್ಡು ಹೋಗಂಗಿಲ್ಲಂತ. ಆಕಿ ಉಳೀಲಿ ಅಂತ ಕೊಟ್ಟೆ" ಎಂದಳು. ನಾನು ಯಾವ ನಂಬಿಕೆಯಿಂದ ಅದನ್ನು ಅಲ್ಲಿಟ್ಟಿದ್ದೆನೋ ಅದೇ ನಂಬಿಕೆಯಿಂದ ಅವ್ವ ಅದನ್ನು ಕೊಟ್ಟು ಕಳಿಸಿದ್ದಳು. ಅದು ಈಗ ಅರ್ಥವಾಗುತ್ತದೆ. ಆವತ್ತು ಡಬ್ಬಿ ಕಸಿದುಕೊಂಡು ಮೋಟರ್ ಸೈಕಲ್ ಹತ್ತಿದೆ.

ಕೂದಲಿನವನು ಸಿರಿಗೇರಿ ಕಡೆ ಹೋದನೆಂದು ಯಾರೋ ಹೇಳಿದರು. ತಲೆ ಕೆಟ್ಟಿತ್ತು. ಅಲ್ಲಿ ಹೆಂಡತಿ ಜ್ವರದಲ್ಲಿ ಬೇಯುತ್ತಿದ್ದಾಳೆ, ಇಲ್ಲಿ ನಾನು ಕೂದಲಿನವನ ಬೆನ್ನು ಹತ್ತಿದ್ದೇನೆ. ಸಿರಿಗೇರಿಯಲ್ಲಿ ಒಂದು ಚಹಾದಂಗಡಿಯ ಮುಂದೆ ಅವನ ಗಾಡಿ ನಿಂತಿತ್ತು. ಅವನು ಬಸಿಯಲ್ಲಿ ಚಹಾ ಊದುತ್ತಿದ್ದ.

"ಕುರುಗೋಡಾಗ ಮುದುಕಿ ಒಂದು ಜಡಿ ಕೊಟ್ಲಲ್ಲ, ಎಲ್ಲಿ ಅದು?"

"ಅದು ಆವತ್ತ ಹೋತ್ರೀ. ಇಡೀ ಜಡಿ ಸಿಕ್ರ ನಾವು ಇಟ್ಕೊಳ್ಳಂಗಿಲ್ಲ, ಸಾವ್ಕಾರ್ರು ಬಂದು ಒಯ್ದು, ವಿಗ್ ಮಾಡಾಕ ಪರದೇಶಕ್ಕ ಕಳಸ್ತಾರ."

ನಾನು ನಂಬಲಿಲ್ಲ. ಅವನು ಪಾಪ, ಚೀಲದ ಬಾಯಿ ಬಿಚ್ಚಿದ. ಮೊಣಕೈತನಕ ಕೈ ಇಳಿಸಿ ಕೆದಕಿದೆ. ಬರೀ ಉಂಡೆಗಳು. ಕಪ್ಪು, ಕೆಂಚು, ಬಿಳಿ, ಊರೂರ ಹೆಂಗಸರ ಕೂದಲು. ಒಂದರಲ್ಲೂ ನನಗೆ ಬೇಕಾದ ವಾಸನೆಯಿರಲಿಲ್ಲ.

"ಯಾರದ್ರೀ ಜಡಿ ಅದು?" ಎಂದು ಮೆಲ್ಲಗೆ ಕೇಳಿದ.

"ನನ್ನ ಹೆಂಡ್ತೀದು."

ಅವನು ಬಸಿ ಕೆಳಗಿಟ್ಟು, ತಲೆಗೆ ಸುತ್ತಿದ್ದ ಟವೆಲ್ ತೆಗೆದ. ಸತ್ತವರ ಮನೆಯ ಮುಂದೆ ತೆಗೆಯುತ್ತಾರಲ್ಲ, ಹಾಗೆ.

"ಅದಾಳ!" ಎಂದು ಕೂಗಿದೆ. "ಅದಾಳಲೇ! ಬಳ್ಳಾರ್ಯಾಗ ಅದಾಳ!" ಚಹಾದಂಗಡಿಯವರೆಲ್ಲ ತಿರುಗಿ ನೋಡಿದರು. ಆ ಮಾತು ಹೇಳಿದ ಮೇಲೆ, ನಾನು ಅಲ್ಲಿ ಏನು ಮಾಡುತ್ತಿದ್ದೇನೆ ಎಂದು ನನಗೇ ಹೊಳೆಯಿತು. ಗಾಡಿ ತಿರುಗಿಸಿ ಬಳ್ಳಾರಿಗೆ ಹೊರಟೆ. ದಾರಿಯುದ್ದಕ್ಕೂ ಅದಾಳ, ಅದಾಳ ಎನ್ನುತ್ತಲೇ ಹೋದೆ.

ಕಂಟೋನ್ಮೆಂಟಿನ ಕೋಣೆಯಲ್ಲಿ ಗಂಜಿ ಕಾಯಿಸಿದೆ. ಹಳೆಯ ಡಬ್ಬಿ ಆಸ್ಪತ್ರೆಯಲ್ಲೇ ಉಳಿದಿತ್ತು. ಬೇರೆ ದಾರಿಯಿಲ್ಲದೆ ಅವ್ವನ ಡಬ್ಬಿಯನ್ನೇ ಕುದಿಯುವ ನೀರಲ್ಲಿ ಅದ್ದಿ ತೆಗೆದು ಗಂಜಿ ತುಂಬಿಕೊಂಡು ಆಸ್ಪತ್ರೆಗೆ ಹೋದೆ. ಅವಳು ನೋಡುವ ಸ್ಥಿತಿಯಲ್ಲಿ ಎಲ್ಲಿದ್ದಾಳೆ ಎಂದುಕೊಂಡಿದ್ದೆ. ಕಣ್ಣು ಅರ್ಧ ತೆರೆದು ಮಲಗಿದ್ದಳು. ತುಟಿ ಒಡೆದಿತ್ತು. ಗೆಳೆಯರು ಕೊಟ್ಟ ರಕ್ತದಿಂದ ಬೇರ್ಪಡಿಸಿದ ಹಳದಿ ಬಣ್ಣದ ಕಣಗಳು ಚೀಲದಿಂದ ಹನಿಯುತ್ತಿದ್ದವು. ನಾನು ಚಿಲಕ ತೆಗೆದ ಸದ್ದಿಗೆ ಅವಳ ಕಣ್ಣು ಡಬ್ಬಿಯ ಮೇಲೆ ನಿಂತಿತು.

"ಹೊಸಾದು" ಎಂದಳು.

ಅವಳು ನಿಧಾನಕ್ಕೆ ಕೈ ಚಾಚಿ, ಉಗುರಿನಿಂದ ಡಬ್ಬಿಯನ್ನು ಕುಟ್ಟಿದಳು. ಪಾತ್ರೆ ಕೊಳ್ಳುವಾಗ ದಪ್ಪ ನೋಡಲು ಕುಟ್ಟುತ್ತಿದ್ದಳಲ್ಲ, ಹಾಗೆಯೇ. ನನ್ನ ಮುಖ ನೋಡಿದಳು. ನನಗೆ ಸುಳ್ಳು ಹೇಳಲು ಬರುವುದಿಲ್ಲ, ಅವಳ ಮುಂದಂತೂ ಬರುವುದೇ ಇಲ್ಲ.

"ಅತ್ತಿ ಕೊಟ್ರಾ... ಜಡಿ?"

ಹೌದೆಂದು ತಲೆಯಾಡಿಸಿದೆ. ಅವಳು ಕಣ್ಣು ಮುಚ್ಚಿದಳು. ಮುಗಿಯಿತು, ಅವಳು ಹಿಡಿದುಕೊಂಡಿದ್ದ ಕೊನೆಯ ಎಳೆಯನ್ನೂ ನಾವೇ ಕಡಿದೆವು ಎಂದುಕೊಂಡೆ. ಎಷ್ಟೋ ಹೊತ್ತಿನ ಮೇಲೆ ಕಣ್ಣು ತೆರೆದಳು. ಅದರಲ್ಲಿ ನೀರಿರಲಿಲ್ಲ, ಬೆಂಕಿಯಿತ್ತು.

"ಇಷ್ಟುದ್ದ ಜಡಿಗೆ ಈ ತಗಡಾ?" ಬಾಯಿಹುಣ್ಣಿನಲ್ಲಿ ಒಂದೊಂದು ಮಾತಿಗೂ ನರಳಿದಳು. "ಮಳ್ಳ ಮಾಡ್ಯಾನ... ಅತ್ತಿನ್ನ. ಬಾಡ್ಯಾ. ನಾ ಬರ್ತೀನಿ ತಡಿ. ಕೊಡ ಇಸ್ಕೊಳ್ದ ಬಿಡಂಗಿಲ್ಲ ಅವನ್ನ."

ಆಮೇಲೆ ಗಂಜಿಗೆ ಸನ್ನೆ ಮಾಡಿದಳು. ಮೂರು ಚಮಚ ಕುಡಿದಳು. ಬಾಗಿಲಲ್ಲಿ ನಿಂತಿದ್ದ ಅವಳ ತಾಯಿ ಗೋಡೆಗೆ ತಲೆಯಿಟ್ಟು ಬಿಕ್ಕಿದರು.

ಕೋಪದಿಂದ ಜ್ವರ ಇಳಿಯುತ್ತದೆಂದು ನಾನು ಹೇಳುವುದಿಲ್ಲ. ಔಷಧಿ ಇಳಿಸಿತು, ಡಾಕ್ಟರಮ್ಮ ಇಳಿಸಿದರು. ಆದರೆ ಆ ವಾರ ದಿನವೂ ಅವಳು ಆ ಡಬ್ಬಿಯನ್ನು ಬಯ್ಯುತ್ತ ಅದರಲ್ಲೇ ಗಂಜಿ ಕುಡಿದಳು. ಮೂಳೆಯೊಳಗಿನ ಮಜ್ಜೆಯ ಪರೀಕ್ಷೆ ಚೆನ್ನಾಗಿ ಬಂತು. ಮತ್ತೆ ಸುತ್ತುಗಳು, ಮತ್ತೆ ಕಂಟೋನ್ಮೆಂಟಿನ ಕೋಣೆ. ಕೊನೆಗೊಂದು ದಿನ ತಲೆಗೆ ಹತ್ತಿಯ ಬಟ್ಟೆ ಕಟ್ಟಿಕೊಂಡು, ಬಾಡಿಗೆ ಕಾರಿನಲ್ಲಿ ಕುರುಗೋಡಿಗೆ ಬಂದಳು. ಹೊಸ್ತಿಲ ಮೇಲಿನ ಕಪ್ಪು ಕಲೆಯನ್ನು ಕಾಲ್ಬೆರಳಿನಿಂದ ಉಜ್ಜಿ ನೋಡಿ ಒಳಗೆ ಕಾಲಿಟ್ಟಳು. ಅವ್ವ ಅವಳ ಕೈ ಹಿಡಿದುಕೊಂಡು, "ತಪ್ಪಾತವ್ವಾ" ಎಂದಳು. ಇವಳು, "ಇರ್ಲಿ ತಗೋರಿ ಅತ್ತಿ. ಅವಗ ಹೇಳ್ತೀನಿ ನಾನು" ಎಂದಳು.

ಹೇಳುವ ದಿನ ಬಂತು. 'ತಲಿಕೂದ್ಲಾ...' ಓಣಿಯ ತುದಿಯಿಂದ ಕೂಗು ಕೇಳಿಸಿತು. ನಾನು ಅವಸರಕ್ಕೆ ಬಾಗಿಲು ತೆರೆದೆ. ತಿಂಗಳುಗಟ್ಟಲೆ ಆ ಜಗಳಕ್ಕಾಗಿ ಕಾದಿದ್ದೆ. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ, ಡಬ್ಬಿ ಹಿಡಿದು ಬರುವುದನ್ನು, ಅವನು ಬೆವರುವುದನ್ನು ಎಷ್ಟು ಸಲ ಕಣ್ಣಿಗೆ ತಂದುಕೊಂಡಿದ್ದೆನೋ. ಅವಳು ಡಬ್ಬಿ ಹಿಡಿದು ಬಾಗಿಲ ತನಕ ಬಂದಳು. ಹೊರಗೆ ಹೆಂಗಸರು ಜಡೆ ತೂಗಾಡಿಸುತ್ತ ಗಾಡಿಯನ್ನು ಮುತ್ತಿದ್ದರು. ಅವಳ ಕೈ ತಲೆಯ ಬಟ್ಟೆಗೆ ಹೋಯಿತು. ಬಾಗಿಲ ಹಿಂದೆಯೇ ನಿಂತುಬಿಟ್ಟಳು. ಕೂಗು ಮುಂದಿನ ಓಣಿಗೆ ಹೋಯಿತು.

"ಯಾಕ? ಹೋಗಬೇಕಿತ್ತಿಲ್ಲ?"

"ಗೂಡಿನ್ಯಾಗ ಏನೂ ಇಲ್ದ ಏನಂತ ಹೋಗಿ ನಿಲ್ಲಲಿ ಅವನ ಮುಂದ?" ಎಂದು ಒಳಗೆ ಹೋಗಿ ಮಲಗಿದಳು.

ಮನೆಗೆ ಬಂದಿದ್ದಳು, ಆದರೂ ನನಗೆ ಅವಳ ಹಂಬಲ ತೀರಲಿಲ್ಲ. ಮೆಲ್ಲಗೆ ಮಾತಾಡುವ, ಮಧ್ಯಾಹ್ನವಿಡೀ ಮಲಗುವ, ಕನ್ನಡಿಗೆ ಟವೆಲ್ ಹೊದಿಸಿಟ್ಟ ಈ ಹೆಂಗಸು ನನ್ನವಳೇ, ಹೌದು. ಆದರೆ ಆ ಇನ್ನೊಬ್ಬಳು ಎಲ್ಲಿ? ಜಡೆ ಯಾವ ದೇಶದಲ್ಲಿ ಯಾರ ತಲೆಯ ಮೇಲಿದೆಯೋ ಎಂದು ಅಂಗಡಿಯಲ್ಲಿ ತಂತಿ ಸುತ್ತುತ್ತ ಯೋಚಿಸುತ್ತಿದ್ದೆ. ಯಾರೋ ಅದನ್ನು ತೊಟ್ಟು ಕನ್ನಡಿಯಲ್ಲಿ ನೋಡಿಕೊಳ್ಳುತ್ತಿರಬಹುದು. ನನಗೆ ಅವರ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು. ತಪಾಸಣೆಗೆ ಬಳ್ಳಾರಿಗೆ ಹೋಗುವ ದಿನ ಹತ್ತಿರ ಬಂದಾಗಲೆಲ್ಲ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ.

ಕೂದಲು ಬಂತು. ಮೊದಲು ಬೂದು ಬಣ್ಣದ ನುಣುಪು, ಆಮೇಲೆ ಸಣ್ಣ ಗುಂಗುರು. ಅವಳದು ಹಿಂದೆ ಗುಂಗುರಿರಲಿಲ್ಲ. ಬಟ್ಟೆ ಕಟ್ಟುವುದನ್ನು ಬಿಟ್ಟಳು. ಟವೆಲ್ ಕನ್ನಡಿಯಿಂದ ಯಾವಾಗ ಹೋಯಿತೋ ನನಗೆ ಗೊತ್ತಾಗಲಿಲ್ಲ.

ಮೊನ್ನೆ ಬೆಳಿಗ್ಗೆ ಅಂಗಡಿಯ ಕೀಲಿ ಹುಡುಕುತ್ತ ಗೂಡಿಗೆ ಕೈ ಹಾಕಿದೆ. ಬೆರಳಿಗೆ ಏನೋ ಮೆತ್ತಗೆ ತಾಗಿತು. ತೆಗೆದು ನೋಡಿದರೆ ಹುಣಸೆಬೀಜದಷ್ಟು ಕೂದಲಿನ ಉಂಡೆ.

ಮತ್ತೆ ದಿಂಬು ಕಣ್ಣಮುಂದೆ ಬಂತು, ಹಿಡಿ ಹಿಡಿ ಕೂದಲು ಬಂತು. "ಲೇ!" ಎಂದು ಕೂಗಿಕೊಂಡು ಹೊರಗೆ ಓಡಿದೆ. ಅವಳು ಹೊಸ್ತಿಲ ಮೇಲೆ ಕುಂತಿದ್ದಳು, ಕೈಯಲ್ಲಿ ಬಾಚಣಿಗೆ.

"ಏನಿದು? ಮತ್ತ ಉದುರಾಕತ್ತಾವೇನು? ನನಗ್ಯಾಕ ಹೇಳ್ಲಿಲ್ಲ? ನಡಿ, ಈಗ ಬಳ್ಳಾರಿಗೆ ಹೋಗೂಣು ನಡಿ!"

ಅವಳು ನನ್ನ ಅಂಗೈಯಲ್ಲಿದ್ದುದನ್ನು ನೋಡಿದಳು, ನನ್ನ ಮುಖ ನೋಡಿದಳು.

"ಬಾಚಿಕೊಂಡ್ರ ನಾಕೆಳಿ ಉದುರ್ತಾವ್ರಿ" ಎಂದಳು. "ಎಲ್ಲಾರಿಗೂ ಉದುರ್ತಾವು. ಇಟ್ಟಲ್ಲೇ ಇಡ್ರಿ ಅದನ್ನ. ಇನ್ನೂ ಒಂದು ಚಮಚಕ್ಕೂ ಸಾಲಂಗಿಲ್ಲ."

ನಾನು ಒಳಗೆ ಹೋಗಿ ಉಂಡೆಯನ್ನು ಗೂಡಿನಲ್ಲಿಟ್ಟೆ. ಕೀಲಿ ನನ್ನ ಜೇಬಿನಲ್ಲೇ ಇತ್ತು.